ಸೋರಿದ ಪೈಪ್ ಒಂದನ್ನೇ ಬದಲಿಸಬೇಡಿ

ನಮಸ್ಕಾರ. ಇವತ್ತು ಹಳೇ ಕಾರಿನ ಬಣ್ಣದ ಮಾತಿಲ್ಲ, ಕ್ರೋಮ್ ಬಂಪರಿನ ಮಾತೂ ಇಲ್ಲ. ಅದರೊಳಗೆ ಪೆಟ್ರೋಲ್ ಹರಿಯುವ, ಗೇಣುದ್ದದ ಒಂದು ರಬ್ಬರ್ ಪೈಪಿನ ಬಗ್ಗೆ ಮಾತಾಡ್ತೇನೆ.

ಹೋದ ನವೆಂಬರಿನಲ್ಲಿ ಕಾರವಾರದಿಂದ ಶಿರಸಿಗೆ ಹೊರಟಿದ್ದೆ. ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 3, ಬ್ರಿಟನ್ನಿನ ಸಣ್ಣ ಸ್ಪೋರ್ಟ್ಸ್ ಕಾರು. ನಮ್ಮ ದೊಡ್ಡಪ್ಪ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದು, ಈಗ ನನ್ನ ಹತ್ತಿರ ಇದೆ. 1296 ಸಿಸಿ ಇಂಜಿನ್, ಅದಕ್ಕೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಕೊಡುವ ಎರಡು ಎಸ್‌ಯು ಕಾರ್ಬೊರೇಟರ್. ಕುಮಟಾ ದಾಟಿ ದೇವಿಮನೆ ಘಟ್ಟ ಅರ್ಧ ಹತ್ತಿದಾಗ ಪೆಟ್ರೋಲ್ ವಾಸನೆ ಬಂತು. ಹಳೇ ಕಾರು ಅಂದಮೇಲೆ ಸ್ವಲ್ಪ ವಾಸನೆ ಇದ್ದೇ ಇರ್ತದೆ ಅಂದುಕೊಂಡು ಇನ್ನೂ ಮೂರು ತಿರುವು ಹತ್ತಿಸಿದೆ. ಆ ಮೂರು ತಿರುವು ನಾನು ಹೋಗಬಾರದಿತ್ತು.

ಮೇಲೆ ದೇವಸ್ಥಾನದ ಹತ್ತಿರ ನಿಲ್ಲಿಸಿ ಬಾನೆಟ್ ಎತ್ತಿದೆ. ಈ ಕಾರಿನ ಬಾನೆಟ್ ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಏಳುತ್ತದೆ. ಇಂಜಿನ್ ಪೂರ್ತಿ ಕಣ್ಣೆದುರು. ಎರಡು ಕಾರ್ಬೊರೇಟರ್ ನಡುವಿನ ಪೈಪ್ ಒದ್ದೆಯಾಗಿತ್ತು. ಅದು ಬಾಗುವ ಕಡೆ ಅಡಿಯಲ್ಲಿ ಒಂದು ಹನಿ. ದೊಡ್ಡದಾಯಿತು, ಬಿತ್ತು. ಇನ್ನೊಂದು ಕೂಡಿಕೊಳ್ಳತೊಡಗಿತು. ಈ ಇಂಜಿನ್ನಿನಲ್ಲಿ ಪೆಟ್ರೋಲ್ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ ಎರಡೂ ಒಂದೇ ಬದಿಗೆ. ಮೇಲೆ ಕಾರ್ಬೊರೇಟರ್, ಕೆಳಗೆ ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್. ಘಟ್ಟ ಹತ್ತಿ ಬಂದ ಮ್ಯಾನಿಫೋಲ್ಡ್ ಅದು, ಎಷ್ಟು ಕಾದಿರಬಹುದು ನೀವೇ ಯೋಚಿಸಿ.

ಬ್ಯಾಟರಿ ವೈರ್ ಬಿಚ್ಚಿ ದೂರ ಹೋಗಿ ನಿಂತೆ. ಪೂರ್ತಿ ತಣ್ಣಗಾದ ಮೇಲೆ ಬಂದು ಪೈಪನ್ನು ಬೆರಳಲ್ಲಿ ಸ್ವಲ್ಪ ಮಡಿಸಿ ನೋಡಿದೆ. ನೇರ ಇದ್ದಾಗ ಕಪ್ಪಗೆ, ಚೆನ್ನಾಗೇ ಕಾಣುತ್ತಿತ್ತು. ಮಡಿಸಿದ ಕೂಡಲೇ ಮೈಯೆಲ್ಲ ಬಿರುಕು. ಬೇಸಿಗೆಯಲ್ಲಿ ಗಜನಿ ಗದ್ದೆಯ ಕೆಸರು ಒಡೆದುಕೊಂಡಿರುತ್ತದಲ್ಲ, ಹಾಗೆ.

ಕಾರನ್ನು ಎಳೆಸಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಹಿರಿಯರು ಒಳ್ಳೆಯವರು, ಊಟ ಬಿಟ್ಟು ಎದ್ದು ಬಂದರು. ನೋಡಿ, "ಔಷಧಿ ಹೊಡೆಯೋ ಪೈಪ್ ಇದೆ ತಮ್ಮಾ, ಅಳತೆ ಸರಿಯಾಗ್ತದೆ. ಅದೊಂದು ತುಂಡು ಹಾಕಿದ್ರೆ ಕಾರವಾರ ಮುಟ್ಟಬಹುದು" ಅಂದರು. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಪೈಪು. ಸುಣ್ಣ, ಮೈಲುತುತ್ತದ ನೀರಿಗೆ ಅದು ಗಟ್ಟಿ. ಪೆಟ್ರೋಲಿಗೆ ಅಲ್ಲ. ಅಂಥ ಪ್ಲಾಸ್ಟಿಕ್ ಪೈಪನ್ನು ಮೆತ್ತಗೆ ಇಡುವ ಅಂಶವನ್ನೇ ಪೆಟ್ರೋಲ್ ತೊಳೆದು ಹಾಕುತ್ತದೆ. ಸ್ವಲ್ಪ ದಿನದಲ್ಲಿ ಪೈಪ್ ಹಳದಿಯಾಗಿ ಕಡ್ಡಿಯ ಹಾಗೆ ಆಗುತ್ತದೆ. ಬೇಡ ಅಂದೆ, ಕಾರನ್ನು ಟೆಂಪೋದಲ್ಲಿ ಮನೆಗೆ ತಂದೆ.

ನಾನು ಹೇಳುವುದು ಇಷ್ಟು. ಸೋರಿದ ತುಂಡನ್ನು ಮಾತ್ರ ಬದಲಿಸುವುದನ್ನು ರಿಪೇರಿ ಅನ್ನಬೇಡಿ. ಒಂದು ತುಂಡು ಒಡೆದಿದೆ ಅಂದರೆ ಅದರ ಜೊತೆಗೆ ಹಾಕಿದ ಉಳಿದ ತುಂಡುಗಳಿಗೂ ಅಷ್ಟೇ ವಯಸ್ಸು. ಟ್ಯಾಂಕಿನಿಂದ ಉಕ್ಕಿನ ಲೈನಿಗೆ (ಗಟ್ಟಿ ಕೊಳವೆಗೆ) ಒಂದು, ಲೈನಿನಿಂದ ಪಂಪಿಗೆ ಒಂದು, ಪಂಪಿನಿಂದ ಕಾರ್ಬೊರೇಟರಿಗೆ ಒಂದು, ಎರಡರ ನಡುವೆ ಒಂದು. ಪೆಟ್ರೋಲ್ ತುಂಬುವ ಬಾಯಿಯ ಹತ್ತಿರ ದಪ್ಪ ರಬ್ಬರ್ ಇದ್ದರೆ ಅದೂ ಸೇರಿತು. ನನ್ನ ಕಾರಿಗೆ ಬೇಕಾದ ತೆಳು ಪೈಪ್ ಎಲ್ಲ ಸೇರಿ 2 ಮೀಟರ್ ಕೂಡ ಆಗಲಿಲ್ಲ. ಸೀಟಿನ ಲೆದರಿಗೆ ಖರ್ಚು ಮಾಡುವವರು ಈ 2 ಮೀಟರಿಗೆ ಯಾಕೆ ಹಿಂದೆಮುಂದೆ ನೋಡುತ್ತಾರೆ ಅಂತ ನನಗೆ ನಿಜವಾಗಲೂ ಅರ್ಥವಾಗುವುದಿಲ್ಲ.

ಪೈಪ್ ಕೊಳ್ಳುವಾಗ ಮೈಮೇಲಿನ ಅಕ್ಷರ ಓದಿ. ಎಸ್‌ಎಇ ಜೆ30 ಅಂತ ಇರುತ್ತದೆ, ಅದು ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು, ಮುಂದೆ ಆರ್6, ಆರ್7 ಅಥವಾ ಆರ್9. ಆರ್6, ಆರ್7 ಕಾರ್ಬೊರೇಟರ್ ಕಾರುಗಳ ಕಡಿಮೆ ಒತ್ತಡಕ್ಕೆ. ಆರ್9 ಹೆಚ್ಚು ಒತ್ತಡದ ಇಂಜೆಕ್ಷನ್ ಕಾರುಗಳಿಗೆ. ನನ್ನ ಪಂಪಿನ ಒತ್ತಡ 2-3 ಪಿಎಸ್‌ಐ ಅಷ್ಟೇ, ಆ ಲೆಕ್ಕದಲ್ಲಿ ಆರ್7 ಸಾಕು. ಆದರೂ ಆರ್9 ತಂದೆ. ಒತ್ತಡಕ್ಕಲ್ಲ, ಅದರ ಒಳಪದರಕ್ಕೆ. ಫ್ಲೋರೋಎಲಾಸ್ಟೊಮರ್ ಅನ್ನುವ ಆ ರಬ್ಬರ್ ಎಥನಾಲಿಗೆ, ಅಂದರೆ ಕಬ್ಬಿನಂಥ ಬೆಳೆಯಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲಿಗೆ, ಜಗ್ಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲ್ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ನೂರರಲ್ಲಿ 20 ಪಾಲು ಎಥನಾಲ್. ಈಗ ಬಂಕಿನಲ್ಲಿ ಹೆಚ್ಚಾಗಿ ಸಿಗುವುದೂ ಅದೇ. ನಮ್ಮ ಹಳಿಯಾಳದ ಕಡೆ ಕಬ್ಬು ಬೆಳೆಯುವವರಿದ್ದಾರೆ, ಅವರ ಬೆಳೆಗೆ ಬೆಲೆ ಸಿಗಲಿ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ 1968ರಲ್ಲಿ ಈ ಕಾರಿಗೆ ರಬ್ಬರ್ ಆರಿಸಿದವರು ಇಷ್ಟು ಎಥನಾಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೇ ರಬ್ಬರ್ ಅದರಲ್ಲಿ ನೆನೆದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಪಂಪಿನ ಒಳಗೆ ಪೆಟ್ರೋಲ್ ತಳ್ಳುವ ತೆಳು ಹಾಳೆ, ಡಯಾಫ್ರಮ್, ಕೂಡ ಹಳೇ ರಬ್ಬರೇ. ಅದು ಹರಿದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ತೆಗೆದು ಮೂಸಿ ನೋಡಿ, ಗೊತ್ತಾಗುತ್ತದೆ.

ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ನೀರು, ಅಲ್ವಾ? ಜೂನಿನಿಂದ ಸೆಪ್ಟೆಂಬರ್ ತನಕ ಹಳೇ ಕಾರು ಹೊರಗೆ ಬರುವುದೇ ಇಲ್ಲ, ಪೆಟ್ರೋಲ್ ಟ್ಯಾಂಕಿನಲ್ಲೇ ನಿಂತಿರುತ್ತದೆ. ಲೈನಿನ ಹೊರಮೈಗೆ ಉಪ್ಪು ಗಾಳಿ. ಚಾಸಿಯ ಪಕ್ಕದಲ್ಲಿ ಹೋಗುವ ಉಕ್ಕಿನ ಲೈನನ್ನು ಒರೆಸಿ ನೋಡಿದಾಗ, ಅದನ್ನು ಹಿಡಿದಿಡುವ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ಎದ್ದು ಹಕ್ಕಳೆಯಾಗಿತ್ತು. ಅದನ್ನೂ ತೆಗೆದು ತಾಮ್ರ-ನಿಕ್ಕಲ್ ಮಿಶ್ರಲೋಹದ ಲೈನ್ ಹಾಕಿಸಿದೆ. ಕಡಲ ಪಕ್ಕ ಇರುವವರಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಇದರಿಂದ ಕಾರು ಒರಿಜಿನಲ್ ಉಳಿಯುವುದಿಲ್ಲ ಅನ್ನುವವರಿದ್ದಾರೆ. ಟಯರ್ ಬದಲಿಸುವಾಗ ಯಾರೂ ಹಾಗೆ ಅನ್ನುವುದಿಲ್ಲ.

ಸ್ಟೀಲ್ ಜಾಲರಿ ಸುತ್ತಿದ ಹೋಸ್ ನೋಡಲು ಚಂದ. ನಾನು ಹಾಕುವುದಿಲ್ಲ. ಒಳಗಿನ ರಬ್ಬರ್ ಬಿರಿದರೂ ಹೊರಗೆ ಕಾಣುವುದಿಲ್ಲ.

ಕೆಲಸ ಮಾಡಿದ್ದು ಅಂಗಳದಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾರ್ ಶೆಡ್ಡಿನ ಹಿಂದೆಯೇ ಬಚ್ಚಲೊಲೆ ಉರಿಯುತ್ತಿರುತ್ತದೆ. ದಯವಿಟ್ಟು ಆ ದಿನ ಒಲೆ ಹಚ್ಚಬೇಡಿ. ಪೈಪನ್ನು ಹರಿತವಾದ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ. ಗರಗಸ ಹಾಕಿದರೆ ರಬ್ಬರ್ ಪುಡಿ ಉದುರಿ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪೆಟ್ರೋಲ್ ನಿಲ್ಲದೆ ತುಂಬಿ ಹೊರಗೆ ಚೆಲ್ಲುತ್ತದೆ, ಹೊಸ ಪೈಪ್ ಹಾಕಿಯೂ ಮತ್ತೆ ಅದೇ ಅಪಾಯ. ಪೈಪಿನ ತುದಿ ಬಿಗಿಯುವ ಕ್ಲಿಪ್ಪಿನ ಅಂಚು ಹೊರಕ್ಕೆ ಮಡಚಿದ್ದಿರಲಿ. ಸೀಳು ಇರುವ ಸಾಮಾನ್ಯ ಕ್ಲಿಪ್ ಬಿಗಿ ಮಾಡಿದಷ್ಟೂ ರಬ್ಬರನ್ನು ಕಚ್ಚುತ್ತದೆ.

ಎಲ್ಲ ಮುಗಿದ ಮೇಲೆ ಸ್ಟಾರ್ಟ್ ಮಾಡಲಿಲ್ಲ. ಪಂಪಿನ ಕೆಳಗೆ ಕೈಯಿಂದ ಒತ್ತುವ ಸಣ್ಣ ಲಿವರ್ ಇದೆ. ಅದನ್ನು ಒತ್ತುತ್ತಾ ಹೋದೆ. ಮೊದಲು ಹಗುರ, ಆಮೇಲೆ ಕೈಗೆ ತೂಕ ಸಿಕ್ಕಿತು, ಕಾರ್ಬೊರೇಟರ್ ತುಂಬಿದ ಮೇಲೆ ಲಿವರ್ ಸಡಿಲ ಬಿತ್ತು. ಒಂದೊಂದು ಜೋಡಣೆಗೂ ಬಿಳಿ ಕಾಗದ ಸುತ್ತಿ ಅರ್ಧ ಗಂಟೆ ಕೂತೆ. ಅಮ್ಮ ಚಾ ತಂದು ಕೊಟ್ಟು, "ಈಗ ವಾಸನೆ ಇಲ್ಲ, ಅಲ್ದಾ?" ಅಂದಳು. ಕಾಗದ ಬಿಚ್ಚಿದೆ. ಎಲ್ಲ ಒಣಗಿತ್ತು. ಬಾನೆಟ್ಟಿನ ಒಳಮೈಗೆ ಒಂದು ಟೇಪ್ ಅಂಟಿಸಿ ಆ ದಿನದ ತಾರೀಕು ಬರೆದೆ, ಕೆಳಗೆ ಐದು ವರ್ಷ ಮುಂದಿನ ತಾರೀಕನ್ನೂ ಬರೆದೆ.