ಬಸ್ಸಲ್ಲಿ ಕೂತು ಬ್ರೇಕ್ ಹಿಡಿಯೋ ಕೈ

ಕೇಳುಗರೆಲ್ರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ನಾನು ಸ್ಕೂಟರಲ್ಲಿ ಹೋಗ್ತಿದ್ದಾಗ ಒಂದು ಟೆಂಪೋ ಅಡ್ಡ ಬಂತು, ಬಿದ್ದೆ, ಮಂಡಿ ತರಚಿದ್ದು ಬಿಟ್ರೆ ಏನೂ ಆಗ್ಲಿಲ್ಲ, ಎಲ್ರೂ ದೇವ್ರು ದೊಡ್ಡೋನು ಅಂದ್ರು, ನಾನೂ ಅಂದೆ. ಆದ್ರೆ ಆಮೇಲೆ ಬಸ್ಸಲ್ಲಿ ಸುಮ್ನೆ ಕೂತಿದ್ರೂ ಹಿಂದೆ ಹಾರ್ನ್ ಕೇಳಿದ್ರೆ ಸಾಕು, ಬೆರಳು ಹತ್ತೂ ಬಿಗಿಯಾಗಿ ಮಡಚ್ಕೊಳ್ತಿತ್ತು. ಬ್ರೇಕ್ ಹಿಡಿದ ಹಾಗೆ! ಬ್ಯಾಗಿನ ಪಟ್ಟಿ ಹಿಡ್ಕೊಂಡು ಹಿಡ್ಕೊಂಡು ಅದೇ ಹರಿದು ಹೋಯ್ತು.

ಕೊನೆಗೆ ಒಬ್ರು ಥೆರಪಿಸ್ಟ್ ಹತ್ರ ಹೋದೆ. ಅವರು ಮಾಡ್ತಿದ್ದದ್ದು ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಅಂದ್ರೆ ಮೈಯಲ್ಲಿ ಏನಾಗ್ತಿದೆ ಅಂತ ಗಮನಿಸ್ತಾ ಭಯ ಇಳಿಸೋಕೆ ನೋಡೋದು, ಅಮೆರಿಕದ ಪೀಟರ್ ಲೆವೀನ್ ಅನ್ನೋರು ಶುರು ಮಾಡಿದ ಪದ್ಧತಿ. ಮೊದಲು ಎಲ್ಲಿ ಕೂರ್ತೀರಿ ಅಂದ್ರು, ಬಾಗಿಲು ಕಾಣೋ ಕುರ್ಚಿ ಆರಿಸ್ಕೊಂಡೆ. ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ, ಸಾಕು ಅನ್ಸಿದ ತಕ್ಷಣ ಹೇಳಿ, ನಿಲ್ಸೋಣ ಅಂದ್ರು. ನಾನು ಆಕ್ಸಿಡೆಂಟ್ ಕಥೆ ಶುರು ಮಾಡಿದ್ರೆ ಎರಡು ವಾಕ್ಯಕ್ಕೇ ತಡೆದು, "ಈಗ ಕೈಯಲ್ಲಿ ಏನಾಗ್ತಿದೆ?" ಅಂತ ಕೇಳಿದ್ರು. ನಂಗೆ ಸಿಟ್ಟೇ ಬಂತು, ಫೀಸು ಕೊಟ್ಟು ಬಂದಿದೀನಿ, ಕಥೆ ಕೇಳಲ್ವಾ?

ಆಮೇಲೆ ಗೊತ್ತಾಯ್ತು, ಪೂರ್ತಿ ಕಥೆ ಒಂದೇ ಸಲ ಹೇಳಿಸಿದ್ರೆ ಮೈ ಮತ್ತೆ ಅದೇ ರಸ್ತೇಲಿ ಬಿದ್ದಿರುತ್ತೆ ಅನ್ನೋದು ಈ ಪದ್ಧತಿಯೋರ ಲೆಕ್ಕ. ಪಿಯುಸಿ ಕೆಮಿಸ್ಟ್ರಿ ಲ್ಯಾಬಲ್ಲಿ ಟೈಟ್ರೇಶನ್ ಮಾಡಿದ್ವಲ್ಲ, ಬ್ಯುರೆಟ್‌ನಿಂದ ಹನಿ ಹನಿ ಬಿಡೋದು, ಒಂಚೂರು ಅವಸರ ಮಾಡಿದ್ರೆ ಕೆಟ್ಟುಹೋಗೋದು (ನಂದು ಯಾವಾಗ್ಲೂ ಕೆಡ್ತಿತ್ತು), ಲೆವೀನ್ ಅದೇ ಪದ ಇಟ್ಕೊಂಡಿದಾರೆ. ಭಯದ ಒಂದು ಹನಿ ಮುಟ್ಟೋದು, ಮತ್ತೆ ಮೈಯಲ್ಲಿ ಎಲ್ಲಿ ನೆಮ್ಮದಿ ಇದೆಯೋ ಅಲ್ಲಿಗೆ ವಾಪಸ್. ನಂಗೆ ಆ ಜಾಗ ಅಂಗಾಲು, ತಣ್ಣಗಿರೋ ನೆಲ. ಬೆರಳನ್ನ ತುಂಬಾ ನಿಧಾನವಾಗಿ ಮಡಚೋದು, ಬಿಚ್ಚೋದು, ಅಂಗಾಲಿಗೆ ಬರೋದು. ಮೂರನೇ ವಾರ ಮೊಣಕೈವರೆಗೂ ನಡುಕ ಬಂತು, ಆಮೇಲೆ ಒಂದು ದೊಡ್ಡ ಆಕಳಿಕೆ. ಅವತ್ತು ಹಿಡಿಯೋಕೆ ಹೋಗಿ ಅರ್ಧಕ್ಕೇ ನಿಂತ ಬ್ರೇಕನ್ನ ಕೈ ಈಗ ಪೂರ್ತಿ ಮಾಡ್ತಿದೆ ಅನ್ನೋದು ನನ್ನ ಥೆರಪಿಸ್ಟ್ ವಿವರಣೆ.

ಇದನ್ನ ಪವಾಡ ಅಂತ ನಾನು ಹೇಳಲ್ಲ. 2004ರ ಸುನಾಮಿ ಆದ್ಮೇಲೆ ತಮಿಳುನಾಡಿನ ಮೀನುಗಾರರ ಊರುಗಳಲ್ಲೂ ಈ ಪದ್ಧತಿಯೋರು ಕೆಲಸ ಮಾಡಿದ್ರು, ಸುಮಾರು ಜನ ಹಗುರಾಯ್ತು ಅಂದ್ರಂತೆ, ಆದ್ರೆ ಥೆರಪಿ ಸಿಗದೇ ಇದ್ದೋರ ಜೊತೆ ಹೋಲಿಸಿ ನೋಡಿರಲಿಲ್ಲ. ಹಾಗೆ ಹೋಲಿಸಿದ ಅಧ್ಯಯನ 2017ರಲ್ಲಿ ಇಸ್ರೇಲಿಂದ ಬಂತು, 63 ಜನ, 15 ಸೆಷನ್, ಫಲ ಚೆನ್ನಾಗೇ ಇತ್ತು, ಆದ್ರೂ 63 ಅಂದ್ರೆ ಚಿಕ್ಕ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಟ್ರಾಮಾಗೆ, ಅಂದ್ರೆ ಇಂಥ ಆಘಾತ ಆದ್ಮೇಲೂ ಉಳಿಯೋ ತೊಂದರೆಗೆ, ಹೇಳಿದ್ದು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋದು) ಮತ್ತು ಇಎಂಡಿಆರ್ (ನೆನಪು ತಂದ್ಕೊಂಡು ಕಣ್ಣು ಅತ್ತಿತ್ತ ಆಡಿಸೋದು) ಅನ್ನೋ ಚಿಕಿತ್ಸೆಗಳನ್ನ. ಹಾಗಾಗಿ ಎಲ್ಲಾ ನೋವೂ ಮೈಯಲ್ಲಿ ಕೂತಿದೆ, ನಾನು ತೆಗೀತೀನಿ ಅನ್ನೋರನ್ನ ಕಂಡ್ರೆ ದೂರ ಇರಿ, ಕೇಳದೇ ಮೈ ಮುಟ್ಟೋರಿಂದಂತೂ ಇನ್ನೂ ದೂರ. ಎದೆ ನೋವು ಅಂದ್ರೆ ಮೊದಲು ಡಾಕ್ಟರಿಗೆ ತೋರಿಸ್ಬೇಕು. ಯಾರ ಹತ್ರ ಹೋಗೋದು ಗೊತ್ತಾಗ್ತಿಲ್ವಾ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ.

ಹೋದ ವಾರ ಬಸ್ಸಲ್ಲಿ ಮತ್ತೆ ಹಾರ್ನ್ ಕೇಳ್ತು, ಬೆರಳು ಮಡಚ್ತು, ಚಪ್ಪಲಿ ಬಿಟ್ಟು ಅಂಗಾಲು ಊರಿದೆ, ನಿಧಾನಕ್ಕೆ ಬಿಚ್ಕೊಳ್ತು. ಪಕ್ಕದ ಅಜ್ಜಿ ನೋಡ್ತಾನೇ ಇದ್ರು, "ಕೈ ಜೋಮು ಹಿಡೀತೇನಮ್ಮಾ?" ಅಂದ್ರು. ಹ್ಞೂಂ ಅಜ್ಜಿ, ಈಗ ಬಿಡ್ತು ಅಂದೆ.