ಹಳೆಯ ಮಾರ್ಕ್ಸ್ ಕಾರ್ಡಿಗೆ ಹೊಸ ಉತ್ತರ

ಕೇಳುಗರಿಗೆ ನಮಸ್ಕಾರ.

ಎಂಜಿನಿಯರಿಂಗ್ ಮುಗಿಸಿ ಐದಾರು ವರ್ಷ ಕೆಲಸ ಮಾಡಿದ್ದೀರಿ. ಈಗ ಮತ್ತೆ ಓದಬೇಕು ಅನ್ನಿಸಿದೆ. ಅಮೆರಿಕದಲ್ಲಿ ಮಾಸ್ಟರ್ಸ್‌ಗೆ ಅರ್ಜಿ ತುಂಬಲು ಕೂತರೆ ಬೀರುವಿನ ತಳದಿಂದ ಆ ಹಳೆಯ ಮಾರ್ಕ್ಸ್ ಕಾರ್ಡ್ ಹೊರಗೆ ಬರುತ್ತದೆ. ಗಣಿತದಲ್ಲಿ ಹೇಗೋ ಪಾಸು. ಇನ್ನೊಂದು ವಿಷಯ ಎರಡನೇ ಸಲ ಬರೆದದ್ದು. ನನ್ನದೂ ಹೀಗೇ ಇತ್ತು. ಅದಕ್ಕೇ ಈ ವಿಷಯ ಮಾತಾಡಲು ನನಗೆ ಸ್ವಲ್ಪ ಸಲಿಗೆ.

ಇಂಥ ಹೊತ್ತಿನಲ್ಲಿ ಸ್ನೇಹಿತರು ಸಮಾಧಾನ ಹೇಳುತ್ತಾರೆ: "ಅನುಭವ ಇದೆಯಲ್ಲ, ಮಾರ್ಕ್ಸ್ ಯಾರು ನೋಡ್ತಾರೆ?" ನೋಡ್ತಾರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ 4ಕ್ಕೆ 3.0 ಗ್ರೇಡ್ ಸರಾಸರಿ ಇರಬೇಕು ಅನ್ನುವ ಗೆರೆ ಇದೆ. ಗೆರೆಯ ಕೆಳಗಿದ್ದವರನ್ನು ಷರತ್ತಿನ ಮೇಲೆ ಸೇರಿಸಿಕೊಳ್ಳುವ ವಿಭಾಗಗಳೂ ಇವೆ. ಆದರೆ ಹಾಗೆ ಸೇರಿಸಿಕೊಳ್ಳಬೇಕಾದರೆ ಪ್ರವೇಶ ಸಮಿತಿಯಲ್ಲಿ ಯಾರಾದರೂ ನಿಮ್ಮ ಪರ ನಿಲ್ಲಬೇಕು. ನಿಲ್ಲುವವರಿಗೆ ಏನಾದರೂ ಆಧಾರ ಬೇಕಲ್ವಾ?

ಸಮಿತಿಯವರ ತಲೆಯಲ್ಲಿರುವ ಪ್ರಶ್ನೆ ಸರಳ. ಈ ಮನುಷ್ಯ ನಮ್ಮ ಪಾಠ ಓದಿ, ನಮ್ಮ ಪರೀಕ್ಷೆ ಪಾಸು ಮಾಡ್ತಾನಾ? ಕೆಲಸದ ಅನುಭವ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದಿಲ್ಲ. ಯಾಕೆ ಓದಬೇಕು ಅನ್ನುವುದನ್ನು ಅನುಭವ ಹೇಳುತ್ತದೆ. ಓದಬಲ್ಲಿರಾ ಅನ್ನುವುದನ್ನು ಹೊಸ ಮಾರ್ಕ್ಸೇ ಹೇಳಬೇಕು.

ಹೊಸ ಮಾರ್ಕ್ಸ್ ತರುವ ದಾರಿಗಳು ಈಗ ಜಾಸ್ತಿ ಇವೆ. ಡಿಗ್ರಿಗೆ ಸೇರದೆ ಒಂದೋ ಎರಡೋ ಸ್ನಾತಕೋತ್ತರ ವಿಷಯ ಮಾತ್ರ ಓದಲು ಹಲವು ಕಡೆ ಅವಕಾಶ ಇದೆ. ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ ಕೋರ್ಸೆರಾ ಅನ್ನುವ ಆನ್‌ಲೈನ್ ಪಾಠದ ತಾಣದ ಮೂಲಕ ನಡೆಸುವ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ಹಳೆಯ ಮಾರ್ಕ್ಸ್ ಕಾರ್ಡೇ ಬೇಡ. ಅವರು ಹೇಳಿದ ಮೊದಲ ವಿಷಯಗಳಲ್ಲಿ 3.0 ಸರಾಸರಿ ತಂದರೆ ಒಳಗೆ. ಜಾರ್ಜಿಯಾ ಟೆಕ್ 2014ರಲ್ಲಿ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಶುರು ಮಾಡಿತು. ಅಲ್ಲಿ ಸೇರಿದ ಮೊದಲ 12 ತಿಂಗಳಲ್ಲಿ ಎರಡು ಮೂಲ ವಿಷಯಗಳಲ್ಲಿ ಬಿ ಗ್ರೇಡ್ ಬರಬೇಕು. ನಿಜವಾದ ಜರಡಿ ಅದು.

ಸುಮ್ನೆ ವಿಡಿಯೋ ನೋಡಿ ಪ್ರಮಾಣಪತ್ರ ಪೇರಿಸಬೇಡಿ. ಪರೀಕ್ಷೆ ಬರೆದು ಗ್ರೇಡ್ ಬಂದಿದ್ದರೆ ಮಾತ್ರ ಅದಕ್ಕೆ ತೂಕ. ವಿಷಯವನ್ನೂ ನೋಡಿ ಆರಿಸಿ. ಎಲ್ಲಿ ಬಿದ್ದಿದ್ದೀರೋ ಅಲ್ಲೇ ಎದ್ದು ತೋರಿಸಬೇಕು. ಗಣಿತದಲ್ಲಿ ಕಡಿಮೆ ಬಂದಿದ್ದರೆ ಮ್ಯಾನೇಜ್‌ಮೆಂಟ್‌ನಲ್ಲಿ ತಂದ ಎ ಗ್ರೇಡ್ ಏನು ಹೇಳುತ್ತದೆ?

ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಬಗ್ಗೆ ಎರಡೇ ಮಾತು. ಈಗ ಎಷ್ಟೋ ವಿಭಾಗಗಳು ಅದನ್ನು ಕೇಳುವುದಿಲ್ಲ. ಕೇಳುವ ಕಡೆ ಗರಿಷ್ಠವಾದ 170ಕ್ಕೆ ಹತ್ತಿರದ ಗಣಿತದ ಅಂಕ ಇದ್ದರೆ ಒಳ್ಳೆಯದು, ಆದರೆ ಎಂಜಿನಿಯರುಗಳಲ್ಲಿ ಅಷ್ಟು ತರುವವರು ಬೇಕಾದಷ್ಟಿದ್ದಾರೆ.

ಇನ್ನು ಎಸ್‌ಒಪಿ. ಏಕೆ ಓದಬೇಕು ಅಂತ ಬರೆಯುವ ಆ ಎರಡು ಪುಟ. ನನ್ನ ಮೊದಲ ಕರಡಿನಲ್ಲಿ ಅರ್ಧ ಪುಟ ಬರೀ ಕಡಿಮೆ ಮಾರ್ಕ್ಸಿನ ಗೋಳು. ಓದಿದ ಗೆಳೆಯ, "ಇದೇನು, ಕ್ಷಮಾಪಣೆ ಪತ್ರವಾ?" ಅಂದ. ನಾಚಿಕೆಯಾಯಿತು. ಎರಡು ವಾಕ್ಯ ಉಳಿಸಿಕೊಂಡು ಉಳಿದದ್ದನ್ನು ಹೊಡೆದುಹಾಕಿದೆ. ಆ ಜಾಗಕ್ಕೆ ಒಂದು ಪಂಪಿನ ಕಥೆ ಬಂತು.

ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಪಂಪು ಇತ್ತು. ನಿಮಿಷಕ್ಕೆ 1,480 ಸುತ್ತು. ಮೂರು ತಿಂಗಳಿಗೊಮ್ಮೆ ಅದರ ಬೇರಿಂಗ್ ಹೋಗುತ್ತಿತ್ತು. ಬೇರಿಂಗ್ ಸರಿಯಿಲ್ಲ, ಗ್ರೀಸ್ ಸರಿಯಿಲ್ಲ ಅಂತ ಎಲ್ಲರೂ ಬೈಯುತ್ತಿದ್ದರು. 1,480 ಅಂದರೆ ಸೆಕೆಂಡಿಗೆ ಸುಮಾರು 25 ಸುತ್ತು. ಪಂಪು ನಿಲ್ಲಿಸಿ, ಅದು ಕೂತಿದ್ದ ಕಬ್ಬಿಣದ ಚೌಕಟ್ಟಿಗೆ ಸುತ್ತಿಗೆಯಿಂದ ಬಡಿದು ಕಂಪನ ಅಳೆದೆವು. ಚೌಕಟ್ಟು ತಾನಾಗಿ ನಡುಗುವ ವೇಗವೂ ಆ 25ರ ಹತ್ತಿರವೇ ಇತ್ತು! ಎರಡೂ ಒಂದಕ್ಕೊಂದು ತಾಳ ಹಾಕುತ್ತಿದ್ದವು. ಅಡ್ಡಪಟ್ಟಿ ಬೆಸುಗೆ ಹಾಕಿಸಿ ಚೌಕಟ್ಟನ್ನು ಬಿಗಿ ಮಾಡಿದ ಮೇಲೆ ಬೇರಿಂಗಿನ ಕಾಟ ನಿಂತಿತು.

ತಮಾಷೆ ಏನು ಗೊತ್ತಾ? ಕಾಲೇಜಿನಲ್ಲಿ ನಾನು ಎರಡನೇ ಸಲ ಬರೆದು ಪಾಸಾದ ವಿಷಯ ಇದೇ ಕಂಪನಶಾಸ್ತ್ರ. ಎಸ್‌ಒಪಿಯಲ್ಲಿ ಅದನ್ನೂ ಮುಚ್ಚಿಡದೆ ಬರೆದೆ. "ಐದು ವರ್ಷದ ಅನುಭವ ಇದೆ" ಅಂತ ಸಾವಿರ ಜನ ಬರೆಯುತ್ತಾರೆ. ನಿಮ್ಮ ಪಂಪಿನ ಕಥೆ ನಿಮಗೊಬ್ಬರಿಗೇ ಗೊತ್ತು.

ಪಿಎಚ್‌ಡಿ ಗುರಿಯಾದರೆ ಇಷ್ಟು ಸಾಲದು. ಸಂಶೋಧನೆಯ ಕೆಲಸ ತೋರಿಸಬೇಕು. ಮೊದಲು ಮಾಸ್ಟರ್ಸ್ ಮುಗಿಸಿಕೊಂಡರೆ ದಾರಿ ಸಲೀಸು ಅಂತ ನನಗನ್ನಿಸುತ್ತದೆ.

ಕೊನೆಗೆ ಉಳಿಯುವುದು ಶಿಫಾರಸು ಪತ್ರ. ಕೆಲಸದಲ್ಲಿರುವವರಿಗೆ ನಿಜವಾದ ಮುಜುಗರ ಇಲ್ಲಿದೆ. ಪತ್ರ ಕೇಳಿದರೆ ಕೆಲಸ ಬಿಡುವ ಗುಟ್ಟು ರಟ್ಟಾಗುತ್ತದೆ. ಈಗಿನ ಬಾಸ್‌ಗೆ ಹೇಳಲು ಭಯವಾದರೆ ಹಿಂದಿನವರನ್ನು ಕೇಳಿ. ಆದಷ್ಟು ಬೇಗ ಕೇಳಿ, ಕೊನೆಯ ದಿನದವರೆಗೆ ಕಾಯಬೇಡಿ. "ಶ್ರಮಜೀವಿ, ಸಮಯಕ್ಕೆ ಬರುತ್ತಾರೆ" ಅನ್ನುವ ಪತ್ರದಿಂದ ಏನೂ ಉಪಯೋಗವಿಲ್ಲ. ನೀವು ಹೊಸದನ್ನು ಹೇಗೆ ಕಲಿತಿರಿ ಅನ್ನುವುದು ಅದರಲ್ಲಿ ಬರಬೇಕು.

ನಾನು ಹಿಂದಿನ ಬಾಸನ್ನೇ ಕೇಳಿದೆ. "ಏನಪ್ಪಾ ಬರೀಲಿ?" ಅಂದರು. ಮಾಡಿದ ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಹಾಳೆ ನೋಡಿ ಪಕ್ಕಕ್ಕಿಟ್ಟರು. "ಆ ಪಂಪಿನ ವಾರ ರಾತ್ರಿ ಪಾಳಿಯಲ್ಲಿ ನೀನು ಕಾಲೇಜು ಪುಸ್ತಕ ಹಿಡ್ಕೊಂಡು ಕೂತಿದ್ದೆಯಲ್ಲ, ಅದನ್ನೇ ಬರೀತೀನಿ" ಅಂದರು. ನನಗೆ ಅದು ಮರೆತೇಹೋಗಿತ್ತು.

ನಮಸ್ಕಾರ.