ದುಡ್ಡು ಬಂತು, ಡಾಕ್ಟರ್ ಎಲ್ಲಿ?

"ಮಕ್ಕಳು ಫಾರಿನ್‌ಗೆ ಹೋದ್ರೆ ಒಳ್ಳೇದೇ ಅಲ್ವಾ, ದೇಶಕ್ಕೆ ಡಾಲರ್ ಬರುತ್ತೆ." ವಿರಾಜಪೇಟೆಯ ಯಾವ ಮದುವೆಗೆ ಹೋದ್ರೂ ಈ ಮಾತು ಕಿವಿಗೆ ಬೀಳುತ್ತೆ. ಸುಳ್ಳೇನಲ್ಲ. ಹೊರಗಿರೋರು ಮನೆಗೆ ಕಳಿಸೋ ದುಡ್ಡಿನಲ್ಲಿ ಜಗತ್ತಿಗೇ ಭಾರತ ಮೊದಲು. ವಿಶ್ವಬ್ಯಾಂಕ್ ಲೆಕ್ಕದಲ್ಲಿ 2023ರಲ್ಲಿ ಬಂದಿದ್ದು ಸುಮಾರು 12,000 ಕೋಟಿ ಡಾಲರ್.

ಆದ್ರೆ ಅದು ಬೀಳೋದು ಅಪ್ಪ ಅಮ್ಮನ ಖಾತೆಗೆ. ಸರ್ಕಾರಿ ಸೀಟಲ್ಲಿ ಡಾಕ್ಟರ್ ಆದವನ ಓದಿನ ಖರ್ಚು ಹೊತ್ತಿದ್ದು ಮಾತ್ರ ಎಲ್ಲರೂ, ಸಂತೆಯಲ್ಲಿ ಸೋಪು ಕೊಂಡು ತೆರಿಗೆ ಕಟ್ಟಿದ ತೋಟದ ಕೂಲಿಯವರೂ ಸೇರಿ. ಖರ್ಚು ಊರಿಂದು, ಲಾಭ ಒಂದು ಮನೇದು.

ಆ ಮನೆಯವರಾದ್ರೂ ಏನು ಮಾಡ್ತಾರೆ? ವಿದೇಶಿ ವಿನಿಮಯದ ಫೆಮಾ ಕಾಯ್ದೆ ಪ್ರಕಾರ ಎನ್‌ಆರ್‌ಐ ಆದವನು ಕಾಫಿ ತೋಟ ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೊಳ್ಳಬಹುದು ಅಷ್ಟೇ. ಹಾಗಾಗಿ ದುಡ್ಡು ಹೊಸ ಮನೆಗೋ, ಮೈಸೂರಿನ ಫ್ಲಾಟಿಗೋ, ಹೋಂಸ್ಟೇಗೋ ಹೋಗುತ್ತೆ. ಹೋಂಸ್ಟೇಯಿಂದ ನಾಲ್ಕು ಜನಕ್ಕೆ ಕೆಲಸ ಸಿಗುತ್ತೆ, ಒಪ್ಪಿದೆ. ತೋಟದ ಕಥೆ ಬೇರೆ. ಮಾರ್ಚ್ ಬಂದ್ರೂ ಕಾಫಿ ಹೂ ಅರಳಿಸೋ ಹೂಮಳೆ ಇಲ್ಲ, ರೋಬಸ್ಟಾ ಕಾಫಿ ಮೊಗ್ಗು ಒಣಗ್ತಿದೆ. ಎಪ್ಪತ್ತು ದಾಟಿದ ಅಪ್ಪ ಕೆರೆ ಏರಿ ಮೇಲೆ ನಿಂತು ಮೋಟರ್ ಶುರು ಮಾಡಿಸಿ, ಸ್ಪ್ರಿಂಕ್ಲರ್ ಪೈಪು ಎಳೆಸ್ತಿರ್ತಾರೆ. ಮೆಲ್ಬರ್ನ್‌ನಿಂದ ಮಗ ವಿಡಿಯೋ ಕಾಲಲ್ಲಿ, "ಪಪ್ಪಾ, ಇದನ್ನೆಲ್ಲ ಆಟೋಮ್ಯಾಟಿಕ್ ಮಾಡಿಸಿಬಿಡೋಣ" ಅಂತಾನೆ. ಪೈಪು ಎಳೆಯೋರು ಅಸ್ಸಾಂನೋರು. ಅವರೂ ಊರಿಗೆ ದುಡ್ಡು ಕಳಿಸೋರೇ!

ಹಾಗಂತ ಯಾರ ಪಾಸ್‌ಪೋರ್ಟನ್ನೂ ಕಿತ್ಕೊಳ್ಳೋದು ಬೇಡ. 2000ರ ನಂತರ ಅಮೆರಿಕ ನರ್ಸ್‌ಗಳಿಗೆ ವೀಸಾ ಸಡಿಲ ಮಾಡಿದಾಗ ಫಿಲಿಪ್ಪೀನ್ಸ್‌ನಲ್ಲಿ ಹೋದವರಿಗಿಂತ ಎಷ್ಟೋ ಹೆಚ್ಚು ಜನ ನರ್ಸಿಂಗ್ ಓದಿದ್ರು. ಅಲ್ಲಿನ ಕಾಲೇಜುಗಳು ಸೀಟು ಹೆಚ್ಚಿಸಿದ್ವು, ಅದಕ್ಕೆ. ನಮ್ಮ ಮಡಿಕೇರಿಗೆ ಮೆಡಿಕಲ್ ಕಾಲೇಜು ಬಂದಿದ್ದೇ 2016ರಲ್ಲಿ.

ಸೀಟು ಹೆಚ್ಚಿಸೋಕೆ ದುಡ್ಡು ಯಾರು ಕೊಡ್ಬೇಕು? ಹೋದವರ ಸಂಬಳದ ಮೇಲೆ ತೆರಿಗೆ ಹಾಕಿ ಅಂತ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲೇ ಹೇಳಿದ್ರು. ನಾನು ಕೇಳಿದ್ರೆ ಬಿಲ್ಲು ಹೋಗಬೇಕಾದ್ದು ಕರೆಸಿಕೊಂಡ ದೇಶಕ್ಕೆ. ತಯಾರಾದ ಡಾಕ್ಟರ್ ಅವರಿಗೆ ಬಿಟ್ಟಿ ಸಿಗ್ತಾನೆ. ಡಾಕ್ಟರ್, ನರ್ಸ್‌ಗಳನ್ನ ಕಳಿಸೋ ದೇಶಗಳಿಗೆ ಶ್ರೀಮಂತ ದೇಶಗಳು ನೆರವಾಗ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಸಂಹಿತೆ ಮಾಡಿದೆ, ಆದ್ರೆ ಪಾಲಿಸೋದು ಬಿಡೋದು ಅವರವರ ಮರ್ಜಿ. 2025ರಲ್ಲಿ ಬ್ರಿಟನ್ ಜತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ವಿಸ್ಕಿ ಸುಂಕಕ್ಕೆ ಅಷ್ಟೊಂದು ಚೌಕಾಸಿ ಮಾಡಿದವರು ಮುಂದಿನ ಸಲ ಡಾಕ್ಟರ್ ಓದಿನ ಖರ್ಚನ್ನೂ ಕೇಳಲಿ.